ಬಲಗೈಯ ಆಣೆ

ಮೊನ್ನೆ ಅಂಗಡಿಯಿಂದ ತಂದ ಕರ್ಪೂರದ ಡಬ್ಬಿಯ ಮುಚ್ಚಳ ತೆಗೆದದ್ದೇ ತಡ, ಪಕ್ಕದ ಮನೆಯ ಅಕ್ಕ ನೆನಪಾದಳು. ಜೊತೆಗೇ ಸಿಟ್ಟೂ ಬಂತು. ಅರವತ್ತರ ದಶಕದಲ್ಲಿ ಯಲಹಂಕದಲ್ಲಿ ನಮ್ಮೆರಡು ಮನೆಗೂ ಒಂದೇ ಗೋಡೆ. ನಾನಾಗ ಹೈಸ್ಕೂಲು ಹುಡುಗಿ. ನನಗೆ ದಿನಾ ಜಡೆ ಹಾಕುತ್ತಿದ್ದವಳು ಅವಳೇ. ಅವಳ ಗಂಡ ಹೊಡೆಯುವ ಸದ್ದು ನಮ್ಮ ಅಡುಗೆಮನೆಗೆ ಕೇಳುತ್ತಿತ್ತು.

ಒಂದು ದಿನ ಬೀದಿಯ ಹಿರಿಯರು ಅವನನ್ನು ಮುನೇಶ್ವರನ ಗುಡಿಗೆ ಎಳೆದೊಯ್ದರು. ಅವನು ಉರಿಯುವ ಕರ್ಪೂರವನ್ನು ಬಲಗೈಯಿಂದ ಬಡಿದು ಆರಿಸಿ, "ಈ ಕೈ ಇನ್ನು ಇವಳ ಮ್ಯಾಲೆ ಏಳಾಕಿಲ್ಲ" ಎಂದು ಆಣೆ ಮಾಡಿದ. ಅಕ್ಕ ಅಲ್ಲೇ ಅತ್ತುಬಿಟ್ಟಳು. ಪೊಲೀಸರಿಗೆ ಹೇಳೋಣ ಎನ್ನುತ್ತಿದ್ದ ಅಮ್ಮನೂ ಪ್ರಸಾದದ ಬಾಳೆಹಣ್ಣು ತಿಂದು ಸುಮ್ಮನಾದಳು.

ಒಂದು ತಿಂಗಳು ಕಳೆದಿರಬೇಕು... ಮತ್ತೆ ಸದ್ದು. ಅಮ್ಮ, ನಾನು ಓಡಿದೆವು. ಅವನು ಬಲಗೈ ಎತ್ತಿದ್ದ. ಅಕ್ಕ ಅದನ್ನು ಎರಡೂ ಕೈಯಲ್ಲಿ ಹಿಡಿದು ಬೇಡಿಕೊಳ್ಳುತ್ತಿದ್ದಳು: "ಆ ಕೈ ಬ್ಯಾಡ! ಮುನೇಸ್ವರಂಗೆ ಕೊಟ್ಟ ಮಾತು, ಮಕ್ಕಳಿಗೆ ತಟ್ತದೆ!" ಅವನು ಒಂದು ಕ್ಷಣ ತಡೆದ. ಆಮೇಲೆ ಎಡಗೈಯಿಂದ ಬಾರಿಸಿದ.

ಅಂದಿನಿಂದ ಎಡಗೈಯೇ. ಬಾಗಲೂರಿನ ಅಣ್ಣನ ಮನೆಗಾದರೂ ಹೋಗೇ ಎಂದು ಅಮ್ಮ ಗೋಗರೆದಳು, ಬೈದಳು. "ಮಾತು ಮುರಿದಿಲ್ವಲ್ಲಮ್ಮಾ" ಎಂದಳು ಈ ಮಹಾತಾಯಿ. ದೇವರ ಸಿಟ್ಟಿನಿಂದ ಮನೆ ಉಳಿಸಿದ ನೆಮ್ಮದಿ ಬೇರೆ ಅವಳ ಮುಖದಲ್ಲಿ! ನನಗೆ ತಲೆ ಚಚ್ಚಿಕೊಳ್ಳುವಂತಾಗುತ್ತಿತ್ತು. ಮನುಷ್ಯನಿಗೆ ಎರಡು ಕೈ ಇರುತ್ತವೆಂದು ಆ ದೇವರಿಗಾದರೂ ಗೊತ್ತಿರಲಿಲ್ಲವೇ? ಎಡಗೈ ಏಟೆಲ್ಲ ಬಲಗೆನ್ನೆಗೆ ಬಿದ್ದು, ವರ್ಷದೊಳಗೆ ಅವಳ ಬಲಗಿವಿ ಹೋಯಿತು. ನಾವು ಅವಳ ಎಡಕ್ಕೆ ನಿಂತು ಮಾತಾಡುವುದನ್ನು ರೂಢಿ ಮಾಡಿಕೊಂಡೆವು.

ನನ್ನ ಮದುವೆಯಾಗಿ ಎಷ್ಟೋ ವರ್ಷಗಳ ಮೇಲೆ ಪುಟ್ಟೇನಹಳ್ಳಿಯಲ್ಲಿ ಸಿಕ್ಕಳು. ಗಂಡ ತೀರಿಹೋಗಿದ್ದ. ಎಡಗಿವಿಯನ್ನು ನನ್ನತ್ತ ತಿರುಗಿಸಿ, "ಏನಾರ ಅನ್ನು, ಕೊಟ್ಟ ಮಾತಿಗೆ ತಪ್ಪಲಿಲ್ಲ ಕಣೇ ನಮ್ಮನೆಯೋರು" ಎಂದಳು, ಹೆಮ್ಮೆಯಿಂದ. ಬಾಯಿಗೆ ಬಂದದ್ದನ್ನು ನುಂಗಿಕೊಂಡು ತಲೆಯಾಡಿಸಿದೆ. ಮುದುಕಿಯ ಮನಸ್ಸು ನೋಯಿಸುವುದೇಕೆ ಎಂದುಕೊಂಡೆ.

ಈಗ ಅವಳೂ ಇಲ್ಲ. ಕರ್ಪೂರ ಹಚ್ಚದೆ ಡಬ್ಬಿ ಮುಚ್ಚಿಟ್ಟೆ. ಅವಳ ಎಡಕ್ಕೆ ನಿಂತು ಅಂದೇ ಬೈದುಬಿಡಬೇಕಿತ್ತು... ಒಂದು ಕಿವಿಯಾದರೂ ಕೇಳುತ್ತಿತ್ತು.