ಸಪ್ಪಗಾದ ಬಜಾರು

ಕೊಪ್ಪಳದವರು ಆಡುತ್ತಿದ್ದುದೂ ಕನ್ನಡವೇ. ಆದರೂ ಅವರ ಒಂದು ಮಾತು ತಿಳಿಯದೆ ನಾನು ಒಂದು ಬೆಳಗ್ಗೆ ಸಾವಿನ ಬಾಯಿಗೆ ನಡೆದುಹೋಗಿದ್ದೆ.

ಯಜಮಾನರಿಗೆ ಹತ್ತಿ ಗಿರಣಿಯಲ್ಲಿ ಫಿಟ್ಟರ್ ಕೆಲಸ ಸಿಕ್ಕಿ, ಮೈಸೂರು ಬಿಟ್ಟು ನಿಜಾಮರ ಸೀಮೆಯ ಈ ಊರಿಗೆ ಬಂದಿದ್ದೆವು. ಅಲ್ಲಿ ಹೆಂಚಿನ ಮನೆ, ಇಲ್ಲಿ ಮಣ್ಣಿನ ಮಾಳಿಗೆ. ಅಲ್ಲಿ ಅನ್ನ, ಇಲ್ಲಿ ಜೋಳದ ರೊಟ್ಟಿ. ತಟ್ಟಲು ಕೂತರೆ ನನ್ನ ಕೈಯಲ್ಲಿ ಹರಿದುಹೋಗುತ್ತಿತ್ತು. ಕಲಿಸಿದವಳು ಪಕ್ಕದ ಮನೆಯ ನೀಲವ್ವ. ನನ್ನ ಸಾರಿನ ರುಚಿ ನೋಡಿ ಸಪ್ಪ ಐತಿ ಎಂದು ನಕ್ಕವಳೂ ಅವಳೇ. ಉಪ್ಪು ಖಾರ ಸಾಲದ್ದು ಸಪ್ಪೆ ಎಂದು ನನಗೂ ಗೊತ್ತಿತ್ತು. ಕಳೆಯಿಲ್ಲದ ಸೀರೆ, ಮನಸ್ಸಿಗೆ ಹಿಡಿಸದ ಹಾಡು ಮೈಸೂರಿನಲ್ಲೂ ಸಪ್ಪೆಯೇ. ಅಷ್ಟೇ ಅಂದುಕೊಂಡಿದ್ದೆ.

ದೇಶಕ್ಕೆ ಸ್ವಾತಂತ್ರ್ಯ ಬಂದಿತ್ತು, ನಮ್ಮ ಸೀಮೆಗೆ ಬಂದಿರಲಿಲ್ಲ. ನಿಜಾಮರ ಕಡೆಯ ಬಂದೂಕಿನವರು ಹಳ್ಳಿಗಳಿಗೆ ನುಗ್ಗಿದ ಸುದ್ದಿ ದಿನವೂ ಕೇಳುತ್ತಿದ್ದೆವು. ಅಂಥದರಲ್ಲಿ ಯಂತ್ರ ರಿಪೇರಿಗೆ ಯಲಬುರ್ಗಿಗೆ ಹೋದ ಯಜಮಾನರು ಹೇಳಿದ ದಿನಕ್ಕೆ ಬರಲಿಲ್ಲ. ಎರಡು ದಿನ ಕಾದು, ಗಿರಣಿಯಲ್ಲಿ ವಿಚಾರಿಸೋಣವೆಂದು ಹೊರಟೆ. ನೀಲವ್ವ ಬಾಗಿಲ ಸಂದಿನಿಂದ ಮೆಲ್ಲಗೆ ಅಂದಳು:

“ಬಜಾರ ಭಾಳ ಸಪ್ಪಗೈತಿ, ತಂಗಿ.”

ವ್ಯಾಪಾರ ಕಳೆಗಟ್ಟಿಲ್ಲ ಎಂದುಕೊಂಡೆ. ಸಂದಣಿಯಿಲ್ಲದಿದ್ದರೆ ಒಳ್ಳೆಯದೇ ಎಂದು ನಡೆದೆ.

ಬಜಾರಿನಲ್ಲಿ ಒಂದು ಟಾಂಗಾ ಇರಲಿಲ್ಲ. ಅಂಗಡಿಗಳಿಗೆ ಹಲಗೆ ಹಾಕಿತ್ತು. ಕಾಯಿಪಲ್ಲೆಯ ಬುಟ್ಟಿಯೊಂದು ರಸ್ತೆಯಲ್ಲೇ ಬೋರಲಾಗಿ ಬಿದ್ದಿತ್ತು. ತಿರುವಿನಾಚೆ ಬೂಟಿನ ಸದ್ದು ಕೇಳಿಸಿತು. ಹಿಂದಿನಿಂದ ಯಾರೋ ನನ್ನ ಸೆರಗು ಹಿಡಿದು ಓಣಿಯೊಳಕ್ಕೆ ಎಳೆದರು. ನೀಲವ್ವ. ನನ್ನ ಬಾಯಿಯ ಮೇಲೆ ಅವಳ ಅಂಗೈ. ಗೋಡೆಗೆ ಅಂಟಿ ನಿಂತ ನಮ್ಮ ಮುಂದೆಯೇ ಬಂದೂಕಿನವರು ಹಾದುಹೋದರು. ಒಬ್ಬ ತಲೆ ತಿರುಗಿಸಿದ್ದರೆ ಸಾಕಿತ್ತು.

“ಸಪ್ಪಗೈತಿ ಅಂದ್ರ ಮಂದಿ ಅಂಜಿ ಒಳಗ ಕುಂತಾರ ಅಂತ, ನನ್ನವ್ವಾ,” ಎಂದಳು, ಬೂಟಿನ ಸದ್ದು ದೂರಾದ ಮೇಲೆ. “ಬಿಡಿಸಿ ಹೇಳೂ ಧೈರ್ಯ ಯಾರಿಗೈತಿ?”

ಯಜಮಾನರು ಮರುದಿನ ಹೊಲಗಳಲ್ಲಿ ಅಡಗುತ್ತ ನಡೆದು ಬಂದರು.

ಆಮೇಲೆ ಹೆರಿಗೆಗೆಂದು ಮೈಸೂರಿಗೆ ಹೋದೆ. ಒಂದು ಮಧ್ಯಾಹ್ನ ಬೀದಿ ಸದ್ದಿಲ್ಲದಂತಾದಾಗ ಎದ್ದು ಅಗಳಿ ಹಾಕಿದೆ. ಇದು ಮೈಸೂರು ಕಣೇ, ಬರೀ ಬಿಸಿಲು ಎಂದು ಅಮ್ಮ ನಕ್ಕಳು. ಕೊಪ್ಪಳದಲ್ಲಿ ದಿನವೂ ನಾನು ಬಯಸಿದ್ದು ಈ ಮನೆಯನ್ನೇ. ಆದರೆ ಆ ಗಳಿಗೆಯಲ್ಲಿ ಪಕ್ಕದಲ್ಲಿ ನೀಲವ್ವ ಇದ್ದಿದ್ದರೆ ಅನ್ನಿಸಿತು. ಅವಳಾದರೆ ಏನೂ ಕೇಳದೆ ಕಿಟಕಿಯನ್ನೂ ಮುಚ್ಚುತ್ತಿದ್ದಳು.