ಲುಂಬಿನಿ ಕೂಡಿಸಿದ ಬಾಗಿಲು

ಸೇಡಂ ಬಸ್‌ಸ್ಟ್ಯಾಂಡಿನ ಎದುರು ನನ್ನದೊಂದು ಝೆರಾಕ್ಸ್ ಅಂಗಡಿ ಇದೆ. ಅದರ ಒಳಮೂಲೆಯಲ್ಲಿ, ಫ್ಯಾನಿನ ಗಾಳಿ ಸರಿಯಾಗಿ ತಲುಪದ ಜಾಗದಲ್ಲಿ, ಲುಂಬಿನಿ ತನ್ನ ಕಂಪ್ಯೂಟರ್ ಇಟ್ಟುಕೊಂಡು ಕೂತಿರುತ್ತಾಳೆ. ಮನೆ ಕಟ್ಟಿಸುವವರಿಗೆ ನಕ್ಷೆ ಮಾಡಿಕೊಡುವುದು ಅವಳ ಕೆಲಸ. ಅಡಿಪಾಯ ತೋಡುವ ಮೊದಲೇ ಇಡೀ ಮನೆಯನ್ನು ಪರದೆಯ ಮೇಲೆ ನಿಲ್ಲಿಸಿ, ಒಳಗೆಲ್ಲ ಓಡಾಡಿಸಿ ತೋರಿಸುತ್ತಾಳೆ. ನಾನು ಯಾರನ್ನೂ ಸುಮ್ಮನೆ ಹೊಗಳುವವಳಲ್ಲ. ವಿಜಯಶ್ರೀ ಬಾಯಲ್ಲಿ ಒಳ್ಳೆಯ ಮಾತು ಬರಬೇಕಾದರೆ ಯುಗಾದಿಯೇ ಬರಬೇಕು ಎಂದು ನಮ್ಮ ಮನೆಯವರು ಹೇಳುತ್ತಿರುತ್ತಾರೆ. ಆದರೆ ಈ ಹುಡುಗಿಯನ್ನು ಹೊಗಳದೆ ಇರಲು ನನ್ನಿಂದ ಆಗುವುದಿಲ್ಲ.

ಬಾಗಿಲಿನ ವಿಷಯದಲ್ಲಿ ಅವಳಿಗೊಂದು ಹಟ. ಅವಳ ಸಾಫ್ಟ್‌ವೇರಿನಲ್ಲಿ ಸಿದ್ಧ ಬಾಗಿಲುಗಳು ಬೇಕಾದಷ್ಟಿವೆ, ಒಂದನ್ನು ಎಳೆದು ತಂದು ಗೋಡೆಯಲ್ಲಿ ಕೂರಿಸಿದರೆ ಮುಗಿಯಿತು. ಎಲ್ಲವೂ ಹಪ್ಪಳದ ಹಾಗೆ ಚಪ್ಪಟೆ. ಹಲಗೆ ಬಾಗಿಲು ಬೇಕೆಂದು ಕೇಳಿದರೆ ಅದರ ಮೇಲೇ ನಾಲ್ಕು ಗೀಟು ಎಳೆದು ಕೊಡುವವರು ಹೆಚ್ಚು. ಲುಂಬಿನಿ ಹಾಗಲ್ಲ. ಒಂದೊಂದು ಹಲಗೆಯನ್ನೂ ಬೇರೆಯಾಗಿ ಮಾಡಿ, ಅಂಚನ್ನು ಚೂರು ಓರೆಯಾಗಿ ಕೆತ್ತಿ, ಪಕ್ಕಪಕ್ಕ ನಿಲ್ಲಿಸುತ್ತಾಳೆ.

"ನೆಳ್ಳು ಬಿದ್ರೇನೇ ಸಂದು ಕಾಣ್ತದ ವಿಜಯಕ್ಕ. ಗೀಟಿಗಿ ಎಲ್ಲಿ ನೆಳ್ಳು ಬೀಳ್ತದ?" ಎನ್ನುತ್ತಾಳೆ. ನೀನು ಒಂದು ಬಾಗಿಲು ಮಾಡುವಷ್ಟರಲ್ಲಿ ಬೇರೆಯವರು ಇಡೀ ಮನೆಯನ್ನೇ ಮುಗಿಸಿ ಎದ್ದಿರುತ್ತಾರೆ ಎಂದು ನಾನು ಬೈಯುತ್ತೇನೆ. ಅವಳು ಕಿವಿಗೇ ಹಾಕಿಕೊಳ್ಳುವುದಿಲ್ಲ.

ಅವಳ ಊರು ಕುರಕುಂಟಾದ ಕಡೆ ಒಂದು ಸಣ್ಣ ಹಳ್ಳಿ. ಹೋದ ವರ್ಷ ಅವರ ಓಣಿಯವರು ಸೇರಿ ಬುದ್ಧವಿಹಾರ ಕಟ್ಟಿದರು. ಗೋಡೆ, ಚಾವಣಿ ಎಲ್ಲ ಆದ ಮೇಲೆ ಬಾಗಿಲಿಗೆ ಮಾತ್ರ ಕೊಂಡ ಕಟ್ಟಿಗೆ ಬೇಡ, ಒಂದೊಂದು ಮನೆತನವೂ ತನ್ನ ಮನೆಯ ಒಂದು ಹಲಗೆ ಕೊಡಲಿ ಎಂದು ತೀರ್ಮಾನವಾಯಿತು. ಒಬ್ಬರು ಬಂಡಿಯ ಹಲಗೆ ಕೊಟ್ಟರು, ಒಬ್ಬರು ಬಾಣಂತನದ ಮಂಚದ್ದು, ಇನ್ನೊಬ್ಬರು ಅಂಗಳದ ಬೇವು ಕೊಯ್ಯಿಸಿ ತಂದರು. ತಮ್ಮ ಹಲಗೆ ಯಾವುದೆಂದು ತಮಗೆ ಕಾಣಬೇಕು, ಮೇಲೆ ಏನನ್ನೂ ಅಂಟಿಸಿ ಮುಚ್ಚಬಾರದು ಎಂಬುದು ಎಲ್ಲರ ಷರತ್ತು. ಸಂದು ಕಾಣುವ ಬಾಗಿಲೆಂದರೆ ಲುಂಬಿನಿಯೇ ಸರಿ ಎಂದು ಕೆಲಸ ಅವಳ ಪಾಲಿಗೆ ಬಂತು.

ಅವಳು ಪ್ರತಿ ಹಲಗೆಯನ್ನೂ ಅಳೆದು, ಫೋಟೊ ತೆಗೆದು, ಅದರ ಗೆರೆ, ಗಂಟು, ಮೊಳೆಯ ತೂತು ಸಮೇತ ಪರದೆಯ ಮೇಲೆ ಮೂಡಿಸಿದಳು. ಹೆಣ್ಣು ನೋಡಲು ಬಂದವರ ಹಾಗೆ ಜನ ಗುಂಪುಗುಂಪಾಗಿ ನನ್ನ ಅಂಗಡಿಗೆ ಬಂದು ತಮ್ಮ ತಮ್ಮ ಹಲಗೆ ಗುರುತಿಸಿ ಹೋದರು. ಒಂಬತ್ತು ಹಲಗೆ ಸೇರಿ ಚೌಕಟ್ಟು ತುಂಬಿತು.

ಅದೇ ಓಣಿಯ ಅನಸುಬಾಯಿ ಬಂದದ್ದು ಆಮೇಲೆ. ಶಹಾಬಾದಿನ ಕಲ್ಲುಗಣಿಗಳಲ್ಲಿ ದುಡಿದು ಮುದುಕಿಯಾದವಳು. ಅವಳ ಕಂಕುಳಲ್ಲಿ ನಾಲ್ಕು ಬೆರಳಿಗಿಂತ ಚೂರು ಹೆಚ್ಚು ಅಗಲದ, ಉದ್ದನೆಯ ಸೀಳು ಹಲಗೆ. ತಲೆಯ ಮೇಲೆ ನೆಲಕ್ಕೆ ಹಾಸುವ ಫರಸಿ ಕಲ್ಲು ಹೊತ್ತು ಲಾರಿ ಏರಲು ಅವಳು ತುಳಿಯುತ್ತಿದ್ದ ಹಲಗೆಯಂತೆ. ಸೀಳಿ ಹೋದ ಮೇಲೆ ಉಳಿದ ಭಾಗವನ್ನು ಮನೆಗೆ ತಂದಿಟ್ಟುಕೊಂಡಿದ್ದಳು. ನಡುವೆ ಕಾಲು ಬಿದ್ದು ಬಿದ್ದು ಒಂದು ತಗ್ಗು ಸವೆದಿತ್ತು.

ವಿಹಾರ ಸಮಿತಿಯ ಅಧ್ಯಕ್ಷ ನಾಮದೇವ ಅವತ್ತು ಅಂಗಡಿಯಲ್ಲೇ ಇದ್ದರು. ಬಸ್ ಕಂಡಕ್ಟರ್ ಆಗಿ ನಿವೃತ್ತರಾದವರು. ಸೀಟು ತುಂಬಿದ ಮೇಲೆ ಯಾರನ್ನೂ ಹತ್ತಿಸದ ಆ ಗತ್ತು ಇನ್ನೂ ಹೋಗಿಲ್ಲ.

"ಜಾಗ ಮುಗದದ ಆಯಿ. ಅದೂ ಅಲ್ದೆ ಕಾಲಾಗ ತುಳದ ಹಲಗಿ ವಿಹಾರದ ಬಾಗ್ಲಕ್ಕ ಹ್ಯಾಂಗ ಹಾಕಬೇಕು?" ಎಂದರು.

"ನಾ ತುಳದೀನಿ ಅಂತೇ ತಂದೀನಪಾ" ಎಂದಳು ಅನಸುಬಾಯಿ.

ಲುಂಬಿನಿ ಮನೆಮನೆಗೆ ಹೋಗಿ, ನಿಮ್ಮ ಹಲಗೆಯಲ್ಲಿ ಅರ್ಧ ಬೆರಳು ತೆಗೆಯಲೇ ಎಂದು ಕೇಳಿ ಬಂದಳು. ಒಬ್ಬರೂ ಒಪ್ಪಲಿಲ್ಲ. ಅನಸುಬಾಯಿ ಹಲಗೆಯನ್ನು ನನ್ನ ಅಂಗಡಿಯ ಮೂಲೆಗೆ ಒರಗಿಸಿ, ಹಿಂದೆ ನೋಡದೆ ಹೋದಳು. ಗಿರಾಕಿಗಳ ಕಾಲಿಗೆ ಅದು ತಾಗುತ್ತದೆಂದು ನಾನು ದಿನಾ ಗೊಣಗಿದೆ. ಎತ್ತಿಡಲು ಮಾತ್ರ ಮನಸ್ಸು ಬರಲಿಲ್ಲ.

ಒಂದು ದಿನ, ವಿಹಾರದ ಬಾಗಿಲು ಮಾಡುತ್ತಿದ್ದ ಬಡಿಗ ಗುಲಾಮ್ ರಸೂಲ್ ನೇರ ಲುಂಬಿನಿಯ ಮುಂದೆ ಬಂದು ನಿಂತ.

"ನಿನ್ನ ಕಂಪ್ಯೂಟರ್‌ದಾಗ ಹಲಗಿಗಿ ನಾಲಿಗಿ ಇಲ್ಲೇನ್ ಬೇಟಾ?"

ಹಲಗೆಗಳನ್ನು ಕೂಡಿಸುವಾಗ ಒಂದರ ಅಂಚಿನಲ್ಲಿ ನಾಲಿಗೆ ಬಿಡುತ್ತಾರೆ, ಇನ್ನೊಂದರಲ್ಲಿ ಕಾಲುವೆ ಕೊರೆಯುತ್ತಾರೆ. ನಾಲಿಗೆ ಕಾಲುವೆಯೊಳಗೆ ಹೋದಷ್ಟೂ ಹಲಗೆಯ ಅಗಲ ಕಡಿಮೆ. ಪರದೆಯ ಮೇಲಿನ ಹಲಗೆಗೆ ಅದೇನೂ ಬೇಕಿಲ್ಲ, ಪಕ್ಕದಲ್ಲಿ ನಿಲ್ಲಿಸಿದರೆ ನಿಲ್ಲುತ್ತದೆ. ನೆರಳಿನ ಚಂದ ನೋಡುವ ಭರದಲ್ಲಿ ಲುಂಬಿನಿ ನಾಲಿಗೆಯನ್ನೇ ಮರೆತಿದ್ದಳು. ಎಂಟು ಸಂದು, ಒಂದೊಂದಕ್ಕೆ ಅರ್ಧ ಬೆರಳು. ಬಾಗಿಲು ನಾಲ್ಕು ಬೆರಳು ಕಡಿಮೆ ಬಿದ್ದಿತ್ತು.

"ನಂದೂ ತಪ್ಪದ. ನಿನ್ನ ಚಿತ್ರ ಅಷ್ಟು ಖರೇ ಕಂಡದ, ನಾ ಟೇಪೇ ಹಿಡೀಲಿಲ್ಲ. ಅಂಟು ಇನ್ನಾ ಹಚ್ಚಿಲ್ಲ, ಏನ್ ಮಾಡ್ತಿ ನೋಡು" ಎಂದ ಅವನು.

ಸಂಜೆ ಸಮಿತಿಯ ಮುಂದೆ ಲುಂಬಿನಿ ಎದ್ದು ನಿಂತು ತಪ್ಪು ತನ್ನದೆಂದಳು, ಬಡಿಗನ ಹೆಸರು ಎತ್ತಲಿಲ್ಲ. ಆ ಜಾಗಕ್ಕೆ ಅನಸುಬಾಯಿಯ ಹಲಗೆ ಹಾಕೋಣ ಎಂದಳು. ನಾಮದೇವ ಮುಖ ಗಂಟಿಕ್ಕಿ, "ಆಗ್ಲಿ, ತೂತಂತೂ ಮುಚ್ಚಬೇಕಲ್ಲ" ಎಂದರಂತೆ. ಆ ಮಾತು ಅನಸುಬಾಯಿಯ ಕಿವಿಗೂ ಬಿತ್ತು. ಮರುದಿನ ಬೆಳಿಗ್ಗೆ ಅವಳು ಅಂಗಡಿಗೆ ಬಂದು ತನ್ನ ಹಲಗೆಗೆ ಕೈ ಹಾಕಿದಳು.

"ಅವತ್ತು ಜಾಗಿಲ್ಲ ಅಂದ್ರಿ. ಇವತ್ತು ತೂತು ಮುಚ್ಚಾಕ ನಾ ನೆನಪಾದ್ನೇನು? ನನ್ನ ಹಲಗಿ ಸಂದಿಗಿ ತುರುಕಾಕ ತಂದಿಲ್ಲ."

ನಾನಾಗಿದ್ದರೆ ಏನಾದರೂ ಹೇಳಿ ಸಮಾಧಾನ ಮಾಡುತ್ತಿದ್ದೆ. ಲುಂಬಿನಿ, "ಖರೇ ಅದ ಆಯಿ" ಎಂದಳು. "ನಾಳಿ ಒಮ್ಮಿ ಬಾ. ನೋಡು. ಆಮ್ಯಾಲ ಒಯ್ಯಿ."

ಅವತ್ತಿಡೀ ಅವಳು ಊಟಕ್ಕೂ ಏಳಲಿಲ್ಲ. ಎಲ್ಲ ಹಲಗೆಗಳಿಗೂ ನಾಲಿಗೆ ಇಟ್ಟು ಬಾಗಿಲನ್ನು ಮೊದಲಿನಿಂದ ಕಟ್ಟಿದಳು. ಒಂಬತ್ತನ್ನೂ ಬಾಗಿಲು ತಿರುಗುವ ತಿರುಗಣೆಯ ಕಡೆ ಸರಿಸಿ, ತೆರೆಯುವ ಅಂಚಿನಲ್ಲಿ ಅನಸುಬಾಯಿಯ ಹಲಗೆಗೆ ಜಾಗ ಮಾಡಿದಳು. ಅನಸುಬಾಯಿಯ ಹಲಗೆಯ ತಗ್ಗನ್ನು ಬೆರಳಿಂದ ಸವರಿ ನೋಡುವುದು, ಪರದೆಗೆ ತಿರುಗುವುದು, ಮತ್ತೆ ಬಂದು ಸವರುವುದು. ಆ ತಗ್ಗಿನ ಮೇಲೆ ಬೀಳುವ ನೆರಳು ಸರಿ ಬರುವವರೆಗೂ ಬಿಡಲಿಲ್ಲ. ನೋಡುತ್ತಾ ಕೂತ ನನಗೆ ಅವಳ ಮೇಲೆ ಅಭಿಮಾನ ಉಕ್ಕಿ ಬಂತು, ಬೈಯುವುದನ್ನೇ ಮರೆತೆ.

ಮರುದಿನ ಅನಸುಬಾಯಿಯನ್ನು ನನ್ನ ಕುರ್ಚಿಯಲ್ಲೇ ಕೂರಿಸಿದೆವು. ಪರದೆಯ ಮೇಲೆ ಮುಚ್ಚಿದ ಬಾಗಿಲು.

"ಬಾಗ್ಲ ತಗೀಬೇಕಾದ್ರ ಕೈ ಎಲ್ಲಿ ಇಡ್ತಿ, ಇಟ್ಟು ತೋರ್ಸು ಆಯಿ."

ಮುದುಕಿ ಅಂಗೈಯನ್ನು ಪರದೆಗೆ ಒತ್ತಿದಳು. ತೆಗೆದು ನೋಡಿದರೆ, ಅಂಗೈ ಇದ್ದಲ್ಲಿ ಅವಳ ಹಲಗೆಯ ತಗ್ಗು.

"ಇಲ್ಲಿ ಹಿಡಕಿ ಹಾಕಂಗಿಲ್ಲ. ಬಂದವರು ಇಲ್ಲೇ ಕೈ ಇಟ್ಟು ದಬ್ಬಬೇಕು."

ಅನಸುಬಾಯಿ ಪರದೆಯ ಮೇಲಿನ ತಗ್ಗನ್ನು ಮತ್ತೊಮ್ಮೆ ಬೆರಳಿಂದ ಸವರಿದಳು. ಆಮೇಲೆ, "ನಾ ಕಾಲಿಟ್ಟ ಜಾಗದಾಗ ಮಂದಿ ಕೈ ಇಡ್ತಾರೇನು ಯವ್ವಾ?" ಎಂದು ಕೇಳಿದಳು.

"ಬ್ಯಾರೆ ಕಡಿ ದಬ್ಬಿದ್ರ ಬಾಗ್ಲ ಭಾರ ಆಗ್ತದ ಆಯಿ."

ಅನಸುಬಾಯಿ ಹಲಗೆ ಒಯ್ಯಲಿಲ್ಲ.

ವಿಹಾರ ತೆರೆದ ದಿನ ನಾನೂ ಹೋಗಿದ್ದೆ. ಬಿಸಿಲಿಗೆ ಸಂದುಸಂದಿನಲ್ಲೂ ನೆರಳು ನಿಂತಿತ್ತು, ಲುಂಬಿನಿ ಪರದೆಯ ಮೇಲೆ ತೋರಿಸಿದ ಹಾಗೆಯೇ. ಬಾಗಿಲು ತೆರೆಯಲು ನಾಮದೇವ ಮುಂದೆ ಬಂದರು. ಹಿಡಿಕೆ ಹುಡುಕಿದರು, ಇರಲಿಲ್ಲ. ತಗ್ಗು ಕಂಡಿತು, ಕೈ ಎತ್ತಿದವರು ನಡುವೆಯೇ ನಿಂತುಬಿಟ್ಟರು. ಜನರಿಗೆಲ್ಲ ಅದು ಯಾರ ಹಲಗೆ, ಹೇಗೆ ಸವೆದದ್ದು ಎಂದು ಗೊತ್ತು.

ನಾಮದೇವ ತಿರುಗಿ, "ನೀನೇ ತಗಿ ಆಯಿ" ಎಂದರು.

"ಇಲ್ಲಪಾ, ನೀ ತಗಿ. ನಾ ನೋಡ್ತೀನಿ" ಎಂದಳು ಅನಸುಬಾಯಿ.

ಅವರು ಅಂಗೈಯನ್ನು ಆ ತಗ್ಗಿಗೆ ಇಟ್ಟು ದಬ್ಬಿದರು. ಬಾಗಿಲು ಸಲೀಸಾಗಿ ತೆರೆದುಕೊಂಡಿತು. ಲುಂಬಿನಿ ಎಲ್ಲಿದ್ದಾಳೆಂದು ಹುಡುಕಿದರೆ, ಮೂಲೆಯಲ್ಲಿ ನಿಂತು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು. ಬಂದವರು ಒಬ್ಬೊಬ್ಬರಾಗಿ ಅಲ್ಲೇ ಕೈ ಇಟ್ಟು ಒಳಗೆ ಹೋದರು. ನನ್ನ ಸರದಿ ಬಂದಾಗ ನಾನೂ ಅಲ್ಲೇ ಇಟ್ಟೆ. ಹಲಗೆ ನುಣ್ಣಗಿತ್ತು.