ಬೆನ್ನ ಹಿಂದಿನ ಎಡಗೈ

ನಮ್ಮ ಎಲೆಕ್ಟ್ರಿಕಲ್ ಮೆಷಿನ್ಸ್ ಲ್ಯಾಬಿನ ಮೇಡಂ ಅವರ ಎಡಗೈಯನ್ನು ಸರಿಯಾಗಿ ನೋಡಿದವರು ಕಾಲೇಜಿನಲ್ಲಿ ಯಾರೂ ಇರಲಿಲ್ಲ. ಅದು ಯಾವಾಗಲೂ ಬೆನ್ನ ಹಿಂದೆ, ಸೊಂಟಕ್ಕೆ ಸಿಕ್ಕಿಸಿದ ಸೆರಗಿನ ಮಡಿಕೆಯಲ್ಲಿ ಮುಷ್ಟಿ ಕಟ್ಟಿಕೊಂಡು ಕೂತಿರುತ್ತಿತ್ತು. ಬೋರ್ಡಿನ ಮೇಲೆ ಬರೆಯುವುದು, ಡಬ್ಬಿ ತೆರೆಯುವುದು, ಕನ್ನಡಕ ಏರಿಸಿಕೊಳ್ಳುವುದು, ಎಲ್ಲಕ್ಕೂ ಬಲಗೈ ಒಂದೇ. ಒಮ್ಮೆ ರಸೆಲ್ ಮಾರ್ಕೆಟ್ಟಿನಲ್ಲಿ ಅವರು ಸೀತಾಫಲ ಆರಿಸುತ್ತಿದ್ದುದನ್ನು ದೂರದಿಂದ ಕಂಡೆ. ಅಲ್ಲೂ ಅದೇ ಕಥೆ. ಹಣ್ಣಿನವನು ಪಾಪ ಎರಡು ಕೈಯಲ್ಲೂ ಚೀಲದ ಬಾಯಿ ಅಗಲಿಸಿಕೊಂಡು ನಿಂತಿದ್ದ. ಇವರು ಮಹಾರಾಣಿಯಂತೆ ಒಂದೊಂದೇ ಹಣ್ಣು ಒತ್ತಿ ನೋಡಿ ಒಳಗೆ ಬಿಡುತ್ತಿದ್ದರು.

ಇಂಥದ್ದು ಕಂಡರೆ ಹುಡುಗರ ನಾಲಗೆ ಸುಮ್ಮನಿರುತ್ತದೆಯೆ? ‘ಆ ಕೈಯಲ್ಲಿ ಆರು ಬೆರಳಿದೆಯಂತೆ ಗುರು’ ಎಂದು ಸೀನಿಯರ್‌ಗಳು ನಮಗೆ ಹೇಳಿ ಕಳಿಸಿದ್ದರು. ನನ್ನ ಮೇಜಿನಲ್ಲಿ ಶಿವಾಜಿನಗರದ ಹುಡುಗನೊಬ್ಬನಿದ್ದ. ಹೊಟ್ಟೆಯಲ್ಲಿ ಮಾತು ನಿಲ್ಲದ ಆಸಾಮಿ. ಮೊದಲ ದಿನವೇ ಕೇಳಿಬಿಟ್ಟ.

‘ಮೇಡಂ, ನಿಮ್ದು ಆ ಕೈಗೆ ಏನಾಗಿದೆ?’

‘ಏನೂ ಆಗಿಲ್ಲ ಕಣ್ಣಾ. ಏನೂ ಆಗ್ಬಾರ್ದು ಅಂತಾನೇ ಅಲ್ಲಿಟ್ಟಿದ್ದೀನಿ. ಎರಡೂ ಕೈಯಲ್ಲಿ ಮುಟ್ಟಿದ್ರೆ ಕರೆಂಟು ಈ ಕೈಯಿಂದ ಆ ಕೈಗೆ ಎದೆ ಒಳಗೇ ದಾರಿ ಮಾಡ್ಕೊಂಡು ಹೋಗುತ್ತೆ. ನಿನ್ನ ಎದೇಲಿ ಯಾರಾದ್ರೂ ಇದ್ದಾರಾ?’

ಅವನು ನಾಚಿ ತಲೆ ತಗ್ಗಿಸಿದ. ಇಡೀ ಲ್ಯಾಬು ಹೋ ಎಂದಿತು.

‘ಇದ್ರೆ ಅವರನ್ನ ಉಳಿಸ್ಕೋ. ಎಡಗೈ ಹಿಂದಕ್ಕಿಡು.’

ಹಲಸೂರಿನವರು ಅವರು. ಮನೆಮಾತು ತಮಿಳು, ಪಾಠ ಇಂಗ್ಲಿಷು, ಬೈಗುಳ ಮಾತ್ರ ಅಚ್ಚ ಕನ್ನಡ. ಐವತ್ತು ದಾಟಿದ್ದರು, ಮದುವೆಯಾಗಿರಲಿಲ್ಲ, ಅಕ್ಕನ ಜೊತೆಗಿದ್ದರು. ಅವರ ಲ್ಯಾಬಿನಲ್ಲಿ ಒಂದು ಪದ್ಧತಿಯಿತ್ತು. ಮೋಟಾರಿಗೆ ಕರೆಂಟು ಕೊಡುವ ಮೊದಲು ಸ್ವಿಚ್ಚಿನ ಬಳಿ ನಿಂತವರು ‘ಹಾಕ್ತೀನಿ’ ಎಂದು ಗಟ್ಟಿಯಾಗಿ ಕೂಗಬೇಕು. ಆ ಮೇಜಿನ ಪ್ರತಿಯೊಬ್ಬರೂ ‘ಹಾಕು’ ಎಂದು ಬಾಯಿಬಿಟ್ಟು ಹೇಳಬೇಕು. ತಲೆಯಾಡಿಸಿದರೆ ನಡೆಯದು, ಹ್ಞೂಂಗುಟ್ಟಿದರೂ ನಡೆಯದು. ಒಬ್ಬರ ಉತ್ತರ ಬಾರದಿದ್ದರೂ ಸ್ವಿಚ್ಚು ಮುಟ್ಟುವಂತಿಲ್ಲ. ಬೇರೆ ಲ್ಯಾಬಿನವರು ನಮ್ಮನ್ನು ಸಂತೆಯವರು ಎಂದು ಆಡಿಕೊಳ್ಳುತ್ತಿದ್ದರು, ನಾವೂ ಮೂಗು ಮುರಿಯುತ್ತಲೇ ಕೂಗುತ್ತಿದ್ದೆವು.

ನಾನು ಮಾತ್ರ ಒಂದು ದಿನವೂ ‘ಹಾಕ್ತೀನಿ’ ಎನ್ನಲಿಲ್ಲ. ನನ್ನ ಕೈ ಸ್ವಿಚ್ಚಿನವರೆಗೆ ಹೋಗುತ್ತಿರಲಿಲ್ಲ. ಪ್ರತಿ ವಾರ ಮೀಟರ್ ಓದುವ ಕೆಲಸ ಹಿಡಿದು ಮೇಜಿನ ಆ ತುದಿಗೆ ಹೋಗಿ ನಿಂತುಬಿಡುತ್ತಿದ್ದೆ.

ಕಾರಣ ನಮ್ಮಪ್ಪ. ನಾವು ಕೆ.ಆರ್. ಪುರದ ಕಡೆಯವರು. ರಾಗಿ ಬೆಳೆಯುತ್ತಿದ್ದ ಹೊಲವೆಲ್ಲ ಲೇಔಟ್ ಆದ ಮೇಲೂ ಮನೆಯ ಹಿಂದೆ ಒಂದಿಷ್ಟು ಸೊಪ್ಪಿನ ಮಡಿಗಳಿದ್ದವು, ಆಚೆ ತುದಿಯಲ್ಲಿ ಪಂಪಿತ್ತು. ಅದರ ಸ್ವಿಚ್ಚು ನಮ್ಮ ಅಡುಗೆಮನೆಯ ಗೋಡೆಯಲ್ಲಿ. ನಾನು ಹೈಸ್ಕೂಲಿನಲ್ಲಿದ್ದಾಗ ಒಂದು ಬೆಳಿಗ್ಗೆ ಕರೆಂಟು ಬಂತೆಂದು ಅಮ್ಮ ಸ್ವಿಚ್ಚು ಹಾಕಿದಳು. ಅಪ್ಪ ಪಂಪಿನ ವೈರು ಬಿಚ್ಚಿ ಕೈಯಲ್ಲಿ ಹಿಡಿದಿದ್ದರು. ಅಷ್ಟೇ. ಅಂದಿನಿಂದ ಅಮ್ಮ ಮನೆಯ ಒಂದು ಲೈಟಿನ ಸ್ವಿಚ್ಚನ್ನೂ ಮುಟ್ಟಿದವಳಲ್ಲ. ನಾನಾಗಲಿ ತಮ್ಮನಾಗಲಿ ಬರುವವರೆಗೆ ಕತ್ತಲಲ್ಲೇ ಕೂತಿರುತ್ತಿದ್ದಳು.

ಸೀಟು ಆರಿಸುವಾಗ ಎಲ್ಲರೂ ಕಂಪ್ಯೂಟರ್ ಎಂದರು. ನಾನು ಹಟಕ್ಕೆ ಬಿದ್ದು ಎಲೆಕ್ಟ್ರಿಕಲ್ ತೆಗೆದುಕೊಂಡೆ. ನಮ್ಮಪ್ಪನನ್ನು ತಿಂದದ್ದು ಏನೆಂದು ನನಗೆ ಗೊತ್ತಾಗಬೇಕಿತ್ತು. ಸಿಟ್ಟಿನಲ್ಲಿ ಸೀಟು ತೆಗೆದುಕೊಳ್ಳುವುದು ಸುಲಭ, ಆ ಸ್ವಿಚ್ಚಿನ ಮುಂದೆ ನಿಲ್ಲುವುದು ಬೇರೆಯೇ ಮಾತು.

ಒಂದು ದಿನ ಪಕ್ಕದ ಮೇಜಿನಲ್ಲಿ ಒಬ್ಬ ಹುಡುಗಿ ‘ಹಾಕ್ತೀನಿ’ ಎಂದು ಕೂಗಿದಳು. ‘ಹಾಕು, ಹಾಕು’ ಎಂಬ ಉತ್ತರಗಳು ಬಂದವು. ಆ ಮೇಜಿನ ಒಬ್ಬ ಹುಡುಗ ಕೆಳಗೆ ಬಗ್ಗಿ ಮೋಟಾರಿನ ನಟ್ಟು ಬಿಗಿ ಮಾಡುತ್ತಿದ್ದ. ಅವನ ಗೆಳೆಯ ‘ಅವ್ನದೂ ಹಾಕು’ ಎಂದು ಸೇರಿಸಿದ. ಮೇಡಂ ಎಲ್ಲಿದ್ದರೋ, ಹೇಗೆ ಬಂದರೋ, ಹುಡುಗಿಯ ಮಣಿಕಟ್ಟು ಅವರ ಬಲಗೈಯಲ್ಲಿತ್ತು. ಇಡೀ ಲ್ಯಾಬಿನ ಮೇನ್ ಆಫ್ ಮಾಡಿಸಿದರು.

‘ಅವನ ಪ್ರಾಣಕ್ಕೆ ಉತ್ತರ ಕೊಡೋಕೆ ನೀನ್ಯಾವನೋ? ಅವನಿಗೆ ಬಾಯಿಲ್ವಾ? ಉತ್ತರ ಬರ್ಲಿಲ್ಲ ಅಂದ್ರೆ ಕೈ ವೈರ್ ಮೇಲಿದೆ ಅಂತ ಅರ್ಥ!’

ಬೈಸಿಕೊಂಡವನು ಕಲ್ಲಿನಂತೆ ನಿಂತಿದ್ದ, ಅತ್ತದ್ದು ನಾನು. ಸುಮ್ಮನೆ ಕಣ್ಣಲ್ಲಿ ನೀರು ಬರುವುದಲ್ಲ, ಬಿಕ್ಕಿಬಿಕ್ಕಿ, ಮೀಟರು ಮೇಜಿನ ಮೇಲೆ ಬಿಟ್ಟು ಗೋಡೆಗೆ ಮುಖ ಕೊಟ್ಟು ಅತ್ತೆ. ಮೇಡಂ ಎಲ್ಲರನ್ನೂ ಹೊರಗೆ ಕಳಿಸಿ ಸ್ಟೂಲು ಎಳೆದು ಕೂತರು. ಎಲ್ಲ ಹೇಳಿದೆ. ಅವರು ಅಯ್ಯೋ ಪಾಪ ಎನ್ನಲಿಲ್ಲ, ದೇವರ ಇಚ್ಛೆ ಎಂದೂ ಹೇಳಲಿಲ್ಲ.

‘ಮನೇಲಿ ಅಮ್ಮ ಈಗ ಲೈಟ್ ಹಾಕ್ತಾರಾ?’

‘ಇಲ್ಲ ಮೇಡಂ.’

‘ಪ್ರಾಕ್ಟಿಕಲ್ ಎಕ್ಸಾಮ್‌ನಲ್ಲಿ ಸ್ವಿಚ್ಚು ನೀನೇ ಹಾಕ್ಬೇಕು. ಹಾಕ್ಲಿಲ್ಲ ಅಂದ್ರೆ ನಾನೇ ಫೇಲ್ ಮಾಡ್ತೀನಿ, ಗೊತ್ತಲ್ಲ?’

‘ಗೊತ್ತು ಮೇಡಂ.’

‘ಭಾನುವಾರ ನಿಮ್ಮನೇಲಿ ಇರ್ತೀರಾ?’

ಬಂದೇಬಿಟ್ಟರು, ಮೆಟ್ರೋ ಇಳಿದು, ಆಟೋದವನ ಜೊತೆ ಜಗಳ ಮಾಡಿಕೊಂಡು, ಚೀಲದ ತುಂಬ ಸೀತಾಫಲ ಹಿಡಿದು. ಅಮ್ಮ ಮುದ್ದೆ, ಬಸ್ಸಾರು ಬಡಿಸಿದಳು. ಮೇಡಂ ಬಾಯಿ ಚಪ್ಪರಿಸಿಕೊಂಡು ಉಂಡರು. ಅಮ್ಮನ ಕಣ್ಣು ಆ ಬೆನ್ನ ಹಿಂದಿನ ಕೈಯ ಮೇಲೆಯೇ ಇತ್ತು.

‘ಕೈ ನೋವಾ ಮೇಡಮ್ಮ?’

‘ಇಲ್ಲಮ್ಮ, ಅಭ್ಯಾಸ. ನಿಮ್ಮ ಮಗಳಿಗೂ ಅದನ್ನೇ ಕಲಿಸ್ತಿದ್ದೀನಿ. ಅವಳು ಸ್ವಿಚ್ಚಿನ ಹತ್ರಾನೇ ಬರಲ್ಲ.’

ಅಮ್ಮನ ಕೈಯಲ್ಲಿದ್ದ ಸೌಟು ನಿಂತಿತು. ಆಮೇಲೆ ಅವಳು ಹೇಳಿದ್ದನ್ನು ನಾನು ಅದುವರೆಗೆ ಕೇಳಿರಲಿಲ್ಲ.

‘ನಾನು ಕೂಗ್ದೆ ಮೇಡಮ್ಮ. ಕರೆಂಟ್ ಬಂತು, ಹಾಕ್ಲಾ ಅಂತ ಕೂಗ್ದೆ. ಅವ್ರು ಮಾತಾಡ್ಲಿಲ್ಲ. ಟೀ ಕುಡಿಯಕ್ಕೆ ಹೋಗವ್ರೆ ಅಂದ್ಕೊಂಡು ಹಾಕ್ಬಿಟ್ಟೆ. ನಾನೇ ಕೊಂದೆ ನನ್ನ ಗಂಡನ್ನ.’

ಎಂಥವರಾದರೂ ಇಲ್ಲಿ ‘ಛೇ ಛೇ, ನಿಮ್ಮದೇನೂ ತಪ್ಪಿಲ್ಲ’ ಎನ್ನುತ್ತಿದ್ದರು. ನೆಂಟರೆಲ್ಲ ಅದನ್ನೇ ಹೇಳಿ ಹೇಳಿ ಅಮ್ಮನ ಬಾಯಿ ಮುಚ್ಚಿಸಿದ್ದರು. ಮೇಡಂ ತಟ್ಟೆಯಿಂದ ಕೈ ತೆಗೆದರು.

‘ಕೂಗಿದ್ರಲ್ಲಮ್ಮ ನೀವು. ಓದಿರೋ ಇಂಜಿನಿಯರ್‌ಗಳೇ ಕೂಗಲ್ಲ. ಕೂಗಿದ ಮೇಲೆ ಕಾಯಬೇಕಿತ್ತು, ನಿಜ. ಕಾಯಬೇಕು ಅಂತ ನಿಮಗೆ ಯಾರು ಹೇಳ್ಕೊಟ್ರು? ಯಾರೂ ಇಲ್ಲ. ಹೇಳಬೇಕಾಗಿದ್ದೋರು ನಮ್ಮಂಥೋರು. ನಾವು ಕಾಲೇಜಿನ ಗೋಡೆ ಒಳಗೇ ಕೂಗ್ಕೊಂಡು ಕೂತಿದ್ವಿ. ಆ ಪಾಲು ನಮ್ಮದು, ನಮಗೆ ಕೊಡಿ.’

ಅಮ್ಮ ಸೆರಗು ಬಾಯಿಗೆ ಒತ್ತಿಕೊಂಡು ಅತ್ತಳು. ಅಪ್ಪ ಸತ್ತಾಗಲೂ ಅವಳು ಹಾಗೆ ಅತ್ತಿರಲಿಲ್ಲ. ಮೇಡಂ ಉಳಿದ ಮುದ್ದೆ ಮುಗಿಸಿ, ಅಮ್ಮನಿಗೆ ಒಂದು ಕೆಲಸ ಹಚ್ಚಿ ಹೋದರು. ಸ್ವಿಚ್ಚು ಮುಟ್ಟುವುದು ಬೇಡ. ಮಕ್ಕಳು ಕೂಗಿದಾಗ ಉತ್ತರ ಕೊಟ್ಟರೆ ಸಾಕು.

ಹಾಗೆ ನಮ್ಮ ಮನೆಯಲ್ಲಿ ಆ ಪದ್ಧತಿ ಬಂತು. ಜಗುಲಿಯ ದೀಪಕ್ಕೂ ಕೂಗು, ಮಿಕ್ಸಿಗೂ ಕೂಗು. ‘ಅಮ್ಮಾ, ಹಾಕ್ತೀನಿ’ ಎಂದರೆ ಅವಳು ಎಲ್ಲಿದ್ದರೂ ‘ಹಾಕು ಮಗಾ’ ಎನ್ನುತ್ತಿದ್ದಳು. ಮೊದಮೊದಲು ಆ ಧ್ವನಿ ನಡುಗುತ್ತಿತ್ತು. ಅಕ್ಕಪಕ್ಕದವರು ಇವರಿಗೆ ಏನೋ ಆಗಿದೆ ಎಂದುಕೊಂಡರು. ಕೆಲವು ವಾರ ಕಳೆದ ಮೇಲೆ ಒಂದು ಸಂಜೆ ನಾನು ಮನೆಗೆ ಬಂದಾಗ ಜಗುಲಿಯ ದೀಪ ಉರಿಯುತ್ತಿತ್ತು. ತಮ್ಮ ಇನ್ನೂ ಬಂದಿರಲಿಲ್ಲ. ಅಮ್ಮ ಅದರ ಬೆಳಕಿನಲ್ಲಿ ಅವರೆಕಾಯಿ ಸುಲಿಯುತ್ತಿದ್ದಳು.

ಮರುದಿನ ಲ್ಯಾಬಿನಲ್ಲಿ ಶಿವಾಜಿನಗರದವನನ್ನು ಪಕ್ಕಕ್ಕೆ ತಳ್ಳಿ ನಾನೇ ಸ್ವಿಚ್ಚಿನ ಮುಂದೆ ನಿಂತೆ. ಎಡಗೈ ಬೆನ್ನ ಹಿಂದಕ್ಕೆ ಹೋಯಿತು. ‘ಹಾಕ್ತೀನಿ’ ಎಂದೆ. ನನ್ನ ಮೇಜಿನವರು ಮಾತ್ರವಲ್ಲ, ಎಲ್ಲ ಮೇಜಿನವರೂ ‘ಹಾಕು’ ಎಂದು ಅರಚಿದರು. ಮೋಟಾರು ಗುಂಯ್ ಎಂದು ತಿರುಗಿತು. ಅಷ್ಟರಲ್ಲಿ ಚಪ್ಪಾಳೆಯ ಸದ್ದು. ಮೇಡಂ ಎರಡೂ ಕೈ ಸೇರಿಸಿ ತಟ್ಟುತ್ತಿದ್ದರು.

‘ಐದೇ ಬೆರಳು ಗುರು!’ ಎಂದ ಶಿವಾಜಿನಗರದವನು.

‘ಒಂದೇ ಕೈಯಲ್ಲಿ ಚಪ್ಪಾಳೆ ಆಗುತ್ತೇನೋ ಕತ್ತೆ?’ ಎಂದು ಅವನ ತಲೆಗೆ ಮೊಟಕಿ ಆ ಕೈಯನ್ನು ಮತ್ತೆ ಹಿಂದಕ್ಕೆ ಕಟ್ಟಿಕೊಂಡರು.

ಡಿಗ್ರಿ ಮುಗಿಯಿತು. ಈಗ ನಾನು ಟ್ರಾನ್ಸ್‌ಫಾರ್ಮರ್ ತಯಾರಿಸುವ ಕಾರ್ಖಾನೆಯಲ್ಲಿ ಪರೀಕ್ಷೆಯ ವಿಭಾಗದಲ್ಲಿದ್ದೇನೆ. ಅಲ್ಲಿಯೂ ಕೂಗುತ್ತೇನೆ, ಕೂಗಿಸುತ್ತೇನೆ, ಉತ್ತರ ಬರುವವರೆಗೆ ಯಾರ ಅವಸರಕ್ಕೂ ಬಗ್ಗುವುದಿಲ್ಲ. ಬೆನ್ನ ಹಿಂದೆ ನನಗೆ ‘ಹಾಕ್ತೀನಿ ಮೇಡಂ’ ಎಂದು ಹೆಸರಿಟ್ಟಿದ್ದಾರಂತೆ, ಇಟ್ಟುಕೊಳ್ಳಲಿ.

ಹೋದ ವರ್ಷ ಮೇಡಂಗೆ ಶ್ವಾಸಕೋಶದ ಕ್ಯಾನ್ಸರ್ ಎಂದು ಗೊತ್ತಾಯಿತು. ಬೀಡಿ ಸಿಗರೇಟಿನ ವಾಸನೆಯನ್ನೂ ಕಾಣದವರಿಗೆ! ಯಾರನ್ನು ಬೈಯುವುದು? ಆಸ್ಪತ್ರೆಗೆ ಹೋದರೆ ಅಲ್ಲಿಯೂ ಪಾಠ ಶುರುವಾಗಿತ್ತು. ನರ್ಸಮ್ಮ ‘ಚುಚ್ತೀನಿ ಮೇಡಂ’ ಎನ್ನಬೇಕು, ಇವರು ‘ಚುಚ್ಚಮ್ಮ’ ಎನ್ನಬೇಕು, ಆಮೇಲೆ ಸೂಜಿ. ಸೂಜಿ ಚುಚ್ಚಲು ಕೊಡುತ್ತಿದ್ದುದೂ ಬಲಗೈಯನ್ನೇ. ಎಡಗೈ ದಿಂಬಿಗೂ ಬೆನ್ನಿಗೂ ನಡುವೆ.

ಒಂದು ಮಧ್ಯಾಹ್ನ ಅವರ ಅಕ್ಕ ಔಷಧಿ ತರಲು ಹೋದಾಗ ನನ್ನನ್ನು ಹತ್ತಿರ ಕರೆದರು.

‘ನನ್ನನ್ನ ಕಲ್ಪಳ್ಳಿ ಸ್ಮಶಾನಕ್ಕೆ ತಗೊಂಡ್ಹೋಗ್ತಾರೆ. ಅಲ್ಲಿರೋದು ಎಲೆಕ್ಟ್ರಿಕ್ ಒಲೆ. ಬಟನ್ ನೀನು ಒತ್ಬೇಕು.’

‘ಬಿಡ್ತು ಅನ್ನಿ ಮೇಡಂ! ಏನ್ ಮಾತು ಅಂತ ಆಡ್ತೀರ!’

‘ಅಕ್ಕಂಗೂ ಹೇಳಿದ್ದೀನಿ. ನನಗೆ ಮಕ್ಕಳು ಅಂದ್ರೆ ನೀವೇ. ಕೂಗಿ ಒತ್ತು.’

ನನಗೆ ರೇಗಿಹೋಯಿತು. ‘ಕೂಗಿದ್ರೆ ನೀವು ಉತ್ತರ ಕೊಡ್ಬೇಕಲ್ಲ? ಕೊಡ್ತೀರಾ?’ ಎಂದುಬಿಟ್ಟೆ. ಅವರು ನಗಲು ಹೋಗಿ ಕೆಮ್ಮಿದರು. ಕೆಮ್ಮು ನಿಂತ ಮೇಲೆ ನನ್ನ ಕೆನ್ನೆ ತಟ್ಟಿ ಕಿಟಕಿಯ ಕಡೆಗೆ ತಿರುಗಿಕೊಂಡರು.

ಆ ಮಾತಾದ ಮೇಲೆ ಅವರು ಹೆಚ್ಚು ದಿನ ಇರಲಿಲ್ಲ. ಸುದ್ದಿ ತಿಳಿದು ಹಲಸೂರಿನ ಮನೆಗೆ ಅಮ್ಮನೂ ನಾನೂ ಹೋದೆವು. ಹಜಾರದಲ್ಲಿ ಬುದ್ಧನ ಪಟಕ್ಕೆ ಮಲ್ಲಿಗೆ ಹಾಕಿದ್ದರು. ಅವರ ಮನೆಯವರು ಅಜ್ಜನ ಕಾಲದಿಂದಲೂ ಬೌದ್ಧರು. ಪುರೋಹಿತರು, ಹೋಮದ ಹೊಗೆ ಏನೂ ಇರಲಿಲ್ಲ. ಮೇಡಂ ಮಲಗಿದ್ದರು. ಎರಡೂ ಕೈಗಳನ್ನು ಎದೆಯ ಮೇಲೆ ಜೋಡಿಸಿ ಹೆಬ್ಬೆರಳಿಗೆ ಬಿಳಿ ದಾರ ಕಟ್ಟಿದ್ದರು. ಆ ಎಡಗೈ ಎಲ್ಲರ ಕಣ್ಣಿಗೂ ಬಿದ್ದಿತ್ತು. ಅದನ್ನು ಎತ್ತಿ ಮತ್ತೆ ಬೆನ್ನ ಹಿಂದೆ ಇಟ್ಟುಬಿಡಬೇಕು ಎನಿಸಿತು. ಕಾಪಾಡಿಕೊಳ್ಳಲು ಇನ್ನೇನೂ ಉಳಿದಿಲ್ಲ ಎಂದು ಆ ಕೈಯನ್ನು ನೋಡಿದಾಗಲೇ ನನಗೆ ಅರ್ಥವಾದದ್ದು.

ಕಲ್ಪಳ್ಳಿಯಲ್ಲಿ ನಮ್ಮ ಬ್ಯಾಚಿನವರೆಲ್ಲ ಇದ್ದರು. ಶಿವಾಜಿನಗರದವನು ಕೆಲಸದ ಯೂನಿಫಾರ್ಮಿನಲ್ಲೇ ಓಡಿಬಂದಿದ್ದ. ಅಕ್ಕ ಬುದ್ಧನಿಗೆ ಶರಣೆಂದು ಮೆಲ್ಲಗೆ ಹೇಳಿ ಮುಗಿಸಿ ನನ್ನ ಭುಜ ಹಿಡಿದರು. ‘ಹೋಗಮ್ಮ. ನೀನೇ ಅಂತ ಹೇಳಿದ್ದಾಳೆ.’ ಅಲ್ಲಿನ ಕೆಲಸದವನು ಗೋಡೆಯ ಮೇಲಿದ್ದ ಹಸಿರು ಗುಂಡಿ ತೋರಿಸಿದ. ಒತ್ತಿದರೆ ಒಲೆಯ ಬಾಗಿಲು ಮೇಲೆದ್ದು ಅವರು ಒಳಗೆ ಹೋಗುತ್ತಾರೆ.

‘ಹಾಕ್ತೀನಿ’ ಎಂದೆ. ಯಾರಿಗೂ ಕೇಳಿಸಲಿಲ್ಲ. ಮತ್ತೊಮ್ಮೆ ಕೂಗಿದೆ.

‘ಹಾಕು’ ಎಂದ ಶಿವಾಜಿನಗರದವನು, ಮುಖ ಮುಚ್ಚಿಕೊಂಡು. ಆಮೇಲೆ ಒಬ್ಬೊಬ್ಬರೇ ಬ್ಯಾಚಿನವರೆಲ್ಲ ಹೇಳಿದರು. ‘ಹಾಕಮ್ಮ’ ಎಂದರು ಅಕ್ಕ. ನಾನು ಒತ್ತಲಿಲ್ಲ. ಇನ್ನೊಂದು ಉತ್ತರ ಬರಬೇಕಿತ್ತು. ಒಬ್ಬರ ಉತ್ತರ ಬಾರದಿದ್ದರೂ ಮುಟ್ಟಬಾರದೆಂದು ಹೇಳಿಕೊಟ್ಟವರು ಅಲ್ಲೇ, ಕೈಯಳತೆಯಲ್ಲೇ ಮಲಗಿದ್ದರು.

‘ಒತ್ತಿ ಮೇಡಂ, ಹಿಂದೆ ಇನ್ನೊಬ್ರು ಬಂದವ್ರೆ’ ಎಂದ ಕೆಲಸದವನು. ಆದರೂ ಕಾದೆ. ನಮ್ಮ ಬ್ಯಾಚಿನವರು ಯಾರೂ ನನ್ನನ್ನು ಅವಸರಪಡಿಸಲಿಲ್ಲ, ಅವರೆಲ್ಲ ಆ ಲ್ಯಾಬಿನಲ್ಲಿ ಕಲಿತವರೇ.

ಕೊನೆಗೆ ಅಮ್ಮ ಗುಂಪಿನಿಂದ ಮುಂದೆ ಬಂದು ನನ್ನ ಪಕ್ಕದಲ್ಲಿ ನಿಂತಳು. ಒಮ್ಮೆ ಮೇಡಂ ಮುಖ ನೋಡಿದಳು, ಒಮ್ಮೆ ನನ್ನನ್ನು ನೋಡಿದಳು.

‘ಅವ್ರು ಮಾತಾಡಲ್ಲ ಮಗಾ. ನೀನು ಕಾದೆ, ಸಾಕು. ಹಾಕು.’

ಎಡಗೈಯನ್ನು ಬೆನ್ನ ಹಿಂದೆ ಇಟ್ಟುಕೊಂಡು ಒತ್ತಿದೆ.